ತುಟಿಯಣ್ಣನ ಬಾಯಿಲ್ಲದ ಗಿಟಾರು

ತುಟಿಯಣ್ಣನ ಮುತ್ತಜ್ಜ ಹೊಳೆ ದಾಟಿಸುವ ಅಂಬಿಗ. ಈ ದಡದಲ್ಲಿ ನಿಂತು ಅವನು ಒಂದು ಕೂಗು ಹಾಕಿದರೆ ಆಚೆ ದಡದಲ್ಲಿ ಮಲಗಿದ್ದ ನಾಯಿ ಎದ್ದು ನಿಂತು ಬಾಲ ಅಲ್ಲಾಡಿಸುತ್ತಿತ್ತಂತೆ. ನೆರೆ ಬಂದ ವರ್ಷ ತುಂಬಿದ ದೋಣಿ ಸುಳಿಗೆ ಸಿಕ್ಕಾಗ ಅವನ ಕೂಗೊಂದೇ ಎರಡೂ ದಡದ ಜನರನ್ನು ಹಗ್ಗದ ಸಮೇತ ನೀರಿಗಿಳಿಸಿ ಅಷ್ಟೂ ಜೀವಗಳನ್ನು ಉಳಿಸಿತಂತೆ. ಅಂಬಿಗನ ಮಗ ಊರಿಗೆ ಸುದ್ದಿ ಸಾರುವವನಾದ. ಸತ್ತವರ ಸುದ್ದಿ, ತಪ್ಪಿಸಿಕೊಂಡ ಕುದುರೆಯ ಸುದ್ದಿ, ಸಂತೆ ಮುಂದಕ್ಕೆ ಹೋದ ಸುದ್ದಿ, ಯಾವುದೇ ಆಗಲಿ ಅವನ ಗಂಟಲಿನಿಂದ ಹೊರಬಿದ್ದ ಮೇಲೆಯೇ ಊರಿಗೆ ನಿಜವಾಗುತ್ತಿತ್ತು. ಉಗ್ರಾಣಕ್ಕೆ ಬೆಂಕಿ ಬಿದ್ದ ದಿನ ಅವನು ಬೀದಿಯ ಕೊನೆಯ ಮನೆ ಏಳುವ ತನಕ ಕೂಗು ನಿಲ್ಲಿಸಲಿಲ್ಲ, ಎಂಜಲಿನಲ್ಲಿ ರಕ್ತ ಬಂದರೂ ನಿಲ್ಲಿಸಲಿಲ್ಲ ಎಂಬುದು ಆ ಮನೆತನದ ಪುರಾಣ. ಸಾರುವವನ ಮಗ ಬಟ್ಟೆ ಗಿರಣಿಯ ಸೈರನ್ನಿನವನು. ಪಾಳಿ ಬದಲಾಗುವ ಹೊತ್ತಿಗೆ ಅವನು ಸರಪಳಿ ಜಗ್ಗಿದನೆಂದರೆ ಪೇಟೆಯ ಗಡಿಯಾರಗಳೆಲ್ಲ ತಲೆತಗ್ಗಿಸಿ ತಮ್ಮ ಮುಳ್ಳುಗಳನ್ನು ತಿದ್ದಿಕೊಳ್ಳಬೇಕು. ಜನ ಏಳುವುದು, ಉಣ್ಣುವುದು, ಜಗಳವನ್ನು ಅರ್ಧಕ್ಕೆ ಬಿಟ್ಟು ಕೆಲಸಕ್ಕೆ ಓಡುವುದು ಎಲ್ಲಾ ಅವನ ಕೈಯಲ್ಲಿತ್ತು.

ಇಂಥ ಗಂಟಲುಗಳ ವಂಶದಲ್ಲಿ ಹುಟ್ಟಿದವನು ನಮ್ಮ ತುಟಿಯಣ್ಣ. ಅವನ ಸದ್ದು ಅವನ ಮನೆಯ ಹೊಸಿಲು ದಾಟಿದ್ದು ಒಂದೇ ಒಂದು ಸಲ. ಆ ಒಂದು ಸಲವೂ ದಾಟಬಾರದಿತ್ತೋ ಅಥವಾ ಎಂದೋ ಒಮ್ಮೆ ದಾಟಲೇಬೇಕಿತ್ತೋ, ನನಗೆ ಇಂದಿಗೂ ತೀರ್ಮಾನವಾಗಿಲ್ಲ.

ನಾನು ಮರಗೆಲಸದವನು. ನನ್ನ ಮನೆಯೂ ಅವನ ಮನೆಯೂ ಒಂದೇ ಗೋಡೆಗೆ ಆಚೆ ಈಚೆ ಬೆನ್ನು ಕೊಟ್ಟುಕೊಂಡು ನಿಂತವು. ಗಿರಣಿಯವರು ಕೆಲಸಗಾರರಿಗೆಂದು ಕಟ್ಟಿಸಿದ ಸಾಲುಮನೆಗಳು ಅವು. ಇಟ್ಟಿಗೆಯಲ್ಲಿ ಉಳಿತಾಯ ಮಾಡಿದ್ದರಿಂದ ಈ ಮನೆಯವರು ಸೀನಿದರೆ ಆ ಮನೆಯವರು ಮೂಗು ಒರೆಸಿಕೊಳ್ಳುವಂಥ ಗೋಡೆಗಳು. ಅಷ್ಟಾದರೂ ಅವನ ಮನೆಯಿಂದ ನಮಗೆ ಏನೂ ಕೇಳಿಸುತ್ತಿರಲಿಲ್ಲ. ಅದಕ್ಕೆ ಕಾರಣ ಅವನ ಹೆಸರಿನಲ್ಲಿಯೇ ಇದೆ.

ಗಿರಣಿಯ ಮಗ್ಗದ ಖಾತೆಗೆ ಒಮ್ಮೆ ಹೋಗಿ ಬಂದವರಿಗೆ ಗೊತ್ತು, ಅಲ್ಲಿ ಮನುಷ್ಯನ ಧ್ವನಿಗೆ ಮೂರು ಕಾಸಿನ ಬೆಲೆಯಿಲ್ಲ. ಕಬ್ಬಿಣದ ಮಗ್ಗಗಳು ಸಾಲುಗಟ್ಟಿ ನಿಂತು ಹಲ್ಲು ಕಡಿಯುತ್ತಿರುವಾಗ ಕಿವಿಯ ಪಕ್ಕದಲ್ಲಿ ಗುಂಡು ಹಾರಿಸಿದರೂ ತಿಳಿಯದು. ಆದ್ದರಿಂದ ಅಲ್ಲಿನವರು ಧ್ವನಿಯನ್ನು ಬಾಗಿಲಲ್ಲೇ ಬಿಟ್ಟು ತುಟಿಯಲ್ಲಿ ಮಾತಾಡುವುದನ್ನು ಕಲಿತಿದ್ದರು. ಒಂದೊಂದು ಅಕ್ಷರವನ್ನೂ ತುಟಿಗಳಿಂದ ಹಿಗ್ಗಿಸಿ, ಕುಗ್ಗಿಸಿ, ಹುಬ್ಬನ್ನೂ ಕೆನ್ನೆಯನ್ನೂ ಸಹಾಯಕ್ಕೆ ಕರೆದು, ಸದ್ದಿಲ್ಲದೆ ಆಡುವ ಆ ಮಾತು ಮಗ್ಗಗಳ ನೆತ್ತಿಯ ಮೇಲೆ ಹಾದು ಖಾತೆಯ ಈ ತುದಿಯಿಂದ ಆ ತುದಿಗೆ ತಲುಪುತ್ತಿತ್ತು. ಹೊಸ ಮೇಲ್ವಿಚಾರಕನೊಬ್ಬ ದೂರದಲ್ಲಿ ನಿಂತು, ಯಾರಿಗೆ ಕೇಳುತ್ತದೆ ಎಂಬ ಧೈರ್ಯದಲ್ಲಿ ತನ್ನ ಗುಮಾಸ್ತೆಯೊಡನೆ ಇವರ ಕುಲಗೋತ್ರವನ್ನೆಲ್ಲ ಬೈದು, ಸಂಜೆಯೊಳಗೆ ಮಗ್ಗಗಳೆಲ್ಲ ನಿಂತುಹೋಗಿ ಪೇಚಿಗೆ ಸಿಕ್ಕಿದ್ದ. ಅಂದಿನಿಂದ ಸಾಲುಮನೆಗಳಲ್ಲಿ ಒಂದು ಗಾದೆಯೇ ಹುಟ್ಟಿತು: ಮಗ್ಗದವನ ಬೆನ್ನ ಹಿಂದೆ ಕೂಗು, ಮುಂದೆ ಮಾತ್ರ ಬಾಯಿಗೆ ಕೈ ಅಡ್ಡ ಇಟ್ಟುಕೋ.

ಉಳಿದವರು ಈ ತುಟಿಮಾತನ್ನು ಗೇಟಿನಲ್ಲಿ ಬಿಟ್ಟು, ಹೊರಗೆ ಬಂದೊಡನೆ ಕಿವುಡರ ಹಾಗೆ ಕಿರುಚುತ್ತ ಮನೆಗೆ ಹೋಗುತ್ತಿದ್ದರು. ಇವನೊಬ್ಬ ಅದನ್ನು ಮನೆಗೂ, ಬೀದಿಗೂ, ಅಂಗಡಿಗೂ ತಂದ. ದಿನಸಿಯವನ ಎದುರು ನಿಂತು ಸದ್ದಿಲ್ಲದೆ ತುಟಿ ಮುಂದೆ ಮಾಡಿ ಉಪ್ಪು ಕೇಳಿದರೆ ಆತ, "ಸಾಮಾನು ಕೇಳ್ತಿದ್ದೀರೋ ಮುತ್ತು ಕೊಡ್ತಿದ್ದೀರೋ ಸ್ವಾಮಿ? ನನ್ನ ಹೆಂಡ್ತಿ ಒಳಗಿದ್ದಾಳೆ" ಎನ್ನುತ್ತಿದ್ದ. ಹೀಗೆ ತುಟಿಯಣ್ಣ ಎಂಬ ಹೆಸರು ನಿಂತಿತು. ಎಣ್ಣೆ ಚೆಲ್ಲಿದ ಗಿರಣಿಯ ನೆಲದ ಮೇಲೆ ನಡೆದು ನಡೆದು ಅವನ ಹೆಜ್ಜೆಯೂ ಸದ್ದು ಕಳೆದುಕೊಂಡಿತ್ತು. ಪಾದ ಎತ್ತಿ ಇಡುತ್ತಿರಲಿಲ್ಲ, ನೆಲಕ್ಕೆ ಇಸ್ತ್ರಿ ಹಾಕುವವನಂತೆ ಜಾರಿಸಿಕೊಂಡು ಬರುತ್ತಿದ್ದ. ಹಿಂದಿನಿಂದ ಬಂದು ಪಕ್ಕದಲ್ಲಿ ನಿಂತ ಮೇಲೆಯೇ ಬಂದನೆಂದು ಗೊತ್ತಾಗುವ ಮನುಷ್ಯ. ಮದುವೆಯಾದ ಹೊಸದರಲ್ಲಿ ಹೆದರಿ ಹೆದರಿ ಪಾತ್ರೆ ಬೀಳಿಸುತ್ತಿದ್ದ ಅವನ ಹೆಂಡತಿಯೂ ವರ್ಷ ಒಪ್ಪತ್ತಿನಲ್ಲಿ ತುಟಿಮಾತು ಕಲಿತಳು, ಆಮೇಲೆ ಮಗಳೂ ಕಲಿತಳು; ನೋಡಿ ನೋಡಿ ಪಕ್ಕದ ಮನೆಯ ನನಗೂ ಅದನ್ನು ಓದುವಷ್ಟು ಬಂತು. ಗೋಡೆಯ ಈಚೆ ಕೂತ ನಮಗೆ ಅವರ ಜಗಳ ಎಂದೂ ಕೇಳಿದ್ದಿಲ್ಲ. ತಟ್ಟೆಯನ್ನು ನೆಲಕ್ಕೆ ಇಡುವ ರೀತಿಯಿಂದಲೇ ಇವತ್ತು ಜಗಳವೋ ಸಮಾಧಾನವೋ ಎಂದು ಊಹಿಸಬೇಕಿತ್ತು.

ಇಂಥವನ ಬಳಿ ಒಂದು ಗಿಟಾರಿತ್ತು ಎಂದರೆ ಹೊರಗಿನವರು ನಗುತ್ತಿದ್ದರು.

ಅದು ಕೆಂಪು ಬಣ್ಣದ ವಿದ್ಯುತ್ ಗಿಟಾರು. ಈ ಜಾತಿಗೆ ಹೊಟ್ಟೆ ಇರುವುದಿಲ್ಲ. ಮಾಮೂಲಿ ಗಿಟಾರಿಗೆ ಟೊಳ್ಳು ಒಡಲಿದ್ದು ಅದರಲ್ಲಿ ನಾದ ತುಂಬಿಕೊಳ್ಳುತ್ತದೆ. ಇದಾದರೋ ಗಟ್ಟಿ ಹಲಗೆ, ಹಲಗೆಯ ಮೇಲೆ ತಂತಿ, ತಂತಿಯ ಕೆಳಗೆ ಅಯಸ್ಕಾಂತದ ಗುಂಡಿಗಳು. ಅಲ್ಲಿಂದ ಒಂದು ವೈರು ಎಳೆದು ಆಂಪ್ಲಿಫೈಯರ್ ಎಂಬ ಡಬ್ಬಿಗೆ ಸಿಕ್ಕಿಸಿದರೆ ಮಾತ್ರ ಅದಕ್ಕೆ ಬಾಯಿ ಬರುತ್ತದೆ. ಡಬ್ಬಿ ಇಲ್ಲದೆ ನುಡಿಸಿದರೆ ತಗಡಿನ ಮಾಡಿನ ಮೇಲೆ ಗುಬ್ಬಿ ನಡೆದಷ್ಟು ಸದ್ದು. ಮೊದಲ ಸಲ ಅದರ ಕತ್ತು ಸೀಳಿದ್ದಾಗ ಅಂಟು ಹಾಕಿಸಲು ನನ್ನ ಬಳಿ ತಂದಿದ್ದ. "ಇದೇನಪ್ಪ, ಹಲಗೆಗೆ ತಂತಿ ಕಟ್ಟಿದ್ದಾರೆ? ಬಟ್ಟೆ ಒಣಗಿಸೋಕಾ?" ಎಂದೆ. ಅವನು ನಗಲಿಲ್ಲ. ತುಟಿ ಅಗಲಿಸಿ, "ಇದಕ್ಕೆ ಡಬ್ಬಿ ಬರ್ಬೇಕಣ್ಣ. ಆಮೇಲೆ ನೋಡು" ಎಂದ.

ಡಬ್ಬಿ ಹಿಂದೆ ಇತ್ತು. ಹುಡುಗಾಟದ ವಯಸ್ಸಿನಲ್ಲಿ ಅವನು ಸೈಕಲ್ ಅಂಗಡಿಯವನೊಬ್ಬ ಕಟ್ಟಿದ ಆರ್ಕೆಸ್ಟ್ರಾದಲ್ಲಿ ಸೇರಿಕೊಂಡಿದ್ದ. ಹಿಂದಿನ ಸಾಲಿನಲ್ಲಿ ನಿಂತು ತಾಳಕ್ಕೆ ಸರಿಯಾಗಿ ತಂತಿ ಮೀಟುವುದು ಅವನ ಪಾಲಿನ ಕೆಲಸ. ಡ್ರಮ್ಮಿನ ಅಬ್ಬರದಲ್ಲಿ ಅವನು ನುಡಿಸಿದನೋ ಬಿಟ್ಟನೋ ಕೇಳಿದವರು ಯಾರೂ ಇಲ್ಲ. ಆ ಆರ್ಕೆಸ್ಟ್ರಾ ಬಹಳ ಬಾಳಲಿಲ್ಲ. ಹಾಡುವವನು ಡ್ರಮ್ಮಿನವನ ತಂಗಿಯನ್ನು ಕರೆದುಕೊಂಡು ಊರು ಬಿಟ್ಟ, ಡ್ರಮ್ಮಿನವನು ಹಾಡುವವನನ್ನು ಹುಡುಕಿಕೊಂಡು ಊರು ಬಿಟ್ಟ, ಯಜಮಾನ ತಲೆ ಮೇಲೆ ಕೈಹೊತ್ತು ಡಬ್ಬಿಯನ್ನು ಮಾರಿದ. ಗಿಟಾರು ಮಾತ್ರ ಇವನ ಸ್ವಂತದ್ದಾದ್ದರಿಂದ ಇವನ ಹೆಗಲೇರಿ, ಮೂಗಿಯಾಗಿ ಮನೆಗೆ ಬಂತು. ಜೊತೆಗೆ ಆರ್ಕೆಸ್ಟ್ರಾದ ಒಂದು ಕೋಟೂ ಬಂತು, ಮೆರೂನ್ ಬಣ್ಣದ್ದು, ಹಿತ್ತಾಳೆ ಗುಂಡಿಯದು.

ಹೊಸ ಡಬ್ಬಿ ತರುವ ಮಾತೆತ್ತಿದರೆ ಸೈರನ್ನಿನ ಅಪ್ಪ ಒಪ್ಪಲಿಲ್ಲ. ದಿನವೆಲ್ಲ ಊರಿನ ಕಿವಿ ಹರಿಯುವಂತೆ ಕೂಗಿಸಿ ಬಂದವನಿಗೆ ಮನೆಯಲ್ಲಿ ಸೂಜಿ ಬಿದ್ದರೂ ಆಗದು. "ಒಂದೂರಿಗೆ ಒಂದು ಸೈರನ್ ಸಾಕು" ಎಂದು ಬಿಟ್ಟ. ಅಪ್ಪ ಹೋದ ಮೇಲೆ ತೊಟ್ಟಿಲಲ್ಲಿ ಮಗಳಿದ್ದಳು. ಮಗಳು ಬೆಳೆದ ಮೇಲೆ ಅವಳ ಓದು. ಓದಿನ ನಡುವೆ ಹೆಂಡತಿಯ ತಲೆನೋವು. ಹೀಗೆ ಮನೆಯಲ್ಲಿ ಯಾರಿಗಾದರೂ ಒಬ್ಬರಿಗೆ ಯಾವಾಗಲೂ ನಿಶ್ಶಬ್ದ ಬೇಕಾಗಿಯೇ ಇತ್ತು. ಈ ಅಡ್ಡಿಗಳೆಲ್ಲ ಇಲ್ಲದ ಅಪರೂಪದ ದಿನಗಳಲ್ಲಿ ಕೈಯಲ್ಲಿ ನಾಲ್ಕು ಕಾಸು ಕೂಡಿದರೆ, ಅವನ ಹೆಂಡತಿ ಅದಕ್ಕೆ ಬೇರೊಂದು ದಾರಿ ತೋರಿಸುತ್ತಿದ್ದಳು. ಒಮ್ಮೆ ಹಾಸಿಗೆ ಹರಿದಿದೆ ಎಂದಳು. ಹೊಲಿಗೆ ಹಾಕಿದ್ದರೆ ಇನ್ನಷ್ಟು ದಿನ ಬರುತ್ತಿತ್ತು. ಇನ್ನೊಮ್ಮೆ ಕಿಟಕಿಯ ಬಾಗಿಲು ಕೊಳೆತಿದೆ ಎಂದಳು; ಅದನ್ನು ಬದಲಾಯಿಸಿದವನು ನಾನೇ, ಹಳೆಯ ಮರ ಗಟ್ಟಿಮುಟ್ಟಾಗಿತ್ತು. ಜಿಪುಣಿ ಎಂದು ನಮ್ಮ ಮನೆಯವಳು ಮೂತಿ ತಿರುವಿದ್ದುಂಟು. ಅವಳು ಗಂಡನ ಎದುರು ಎಂದೂ ಬೇಡ ಎನ್ನಲಿಲ್ಲ. "ಈ ಸಲ ಇದಾಗ್ಲಿ. ಮುಂದಿನ ಸಲ ಡಬ್ಬಿ" ಎಂದೇ ಹೇಳುತ್ತಿದ್ದಳು.

ಆ ಮನೆಯಲ್ಲಿ "ಡಬ್ಬಿ ಬಂದ ಮೇಲೆ" ಎಂಬುದು ಒಂದು ಕಾಲದ ಹೆಸರೇ ಆಗಿಬಿಟ್ಟಿತು. ಡಬ್ಬಿ ಬಂದ ಮೇಲೆ ಅಪ್ಪ ನುಡಿಸುವುದು ಇಡೀ ಸಾಲುಮನೆಗೆ ಕೇಳುತ್ತದೆ. ಡಬ್ಬಿ ಬಂದ ಮೇಲೆ ಆರ್ಕೆಸ್ಟ್ರಾದವರು ಹುಡುಕಿಕೊಂಡು ಬರುತ್ತಾರೆ. ಡಬ್ಬಿ ಬಂದ ಮೇಲೆ ದಿನಸಿಯವನು ಬಾಯಿ ಮುಚ್ಚುತ್ತಾನೆ. ಮಗಳಂತೂ ಈ ನಂಬಿಕೆಯನ್ನೇ ಹಾಲಿನ ಜೊತೆ ಕುಡಿದು ಬೆಳೆದವಳು. ಪುಟ್ಟವಳಿದ್ದಾಗ ಅಪ್ಪನ ಮಂಡಿಗೆ ಒರಗಿ ಕೂತು, "ಈಗ ನುಡಿಸಿದ್ಯಲ್ಲಪ್ಪ, ಅದು ಡಬ್ಬೀಲಿ ಹೇಗೆ ಕೇಳ್ಸುತ್ತೆ?" ಎಂದು ಕೇಳಿದ್ದಳು.

"ಇದು ಬೀಜ ಕಣೆ. ಡಬ್ಬೀಲಿ ಮರ."

"ನಾನು ದೊಡ್ಡವಳಾದ್ಮೇಲೆ ನಾನೇ ತಂದ್ಕೊಡ್ತೀನಿ."

"ತಾ ಮತ್ತೆ. ನಿನ್ನ ಅಮ್ಮ ಮಾತ್ರ ತರೋಕೆ ಬಿಡಲ್ಲ" ಎಂದು ಅವನು ನಕ್ಕ. ಒಲೆಯ ಮುಂದೆ ಕೂತಿದ್ದ ಅವಳ ಅಮ್ಮ ಅವನ ತುಟಿ ಓದಿಕೊಂಡು, ಮುಖವನ್ನು ಒಲೆಯ ಕಡೆ ತಿರುಗಿಸಿದಳು.

ವಾರದ ರಜೆಯ ದಿನ ಊಟವಾದ ಮೇಲೆ ಅವನು ಮುಖ ತೊಳೆದು, ತಲೆ ಬಾಚಿ, ಮೆರೂನ್ ಕೋಟು ತೊಟ್ಟು, ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದ. ಕೇಳುವವರಿಲ್ಲ, ನೋಡುವವರಿಲ್ಲ, ಬೇಸಿಗೆಯ ಸೆಕೆಯಲ್ಲಿ ಬೆವರು ಕುತ್ತಿಗೆಯಿಂದ ಇಳಿಯುತ್ತಿದ್ದರೂ ಕೋಟಿಲ್ಲದೆ ಗಿಟಾರು ಮುಟ್ಟಿದವನಲ್ಲ. ಹಲಗೆಯ ಅಂಚಿಗೆ ಉಜ್ಜಿ ಉಜ್ಜಿ ಬಲತೋಳಿನ ತುದಿ ಹರಿದು ನೂಲು ನೂಲಾಗಿತ್ತು. ಬಟ್ಟೆ ಗಿರಣಿಯವನ ಮನೆಯಲ್ಲಿ ಅದಕ್ಕೊಂದು ತೇಪೆ ಸಿಗಲಿಲ್ಲವೆಂದಲ್ಲ, ಹೊಲಿದರೆ ಕೈ ಹಿಡಿಯುತ್ತದೆ ಎಂದು ಅವನೇ ಬಿಡಲಿಲ್ಲ. ಬಲಗೈಯಿಂದ ಅವನು ತಂತಿಯನ್ನು ಮೀಟುತ್ತಿರಲಿಲ್ಲ, ಬಡಿಯುತ್ತಿದ್ದ. ಹಗ್ಗದ ಮೇಲಿನ ಕಂಬಳಿಯ ಧೂಳು ಕೊಡವುವವನ ಆವೇಶ. ನಾನು ಒಂದು ದಿನ ತಡೆಯಲಾರದೆ ಹೇಳಿದೆ, "ಮೆಲ್ಲಗೆ ಬಾರಿಸೋ, ತಂತಿಗೂ ಜೀವ ಇದೆ."

"ಮೆಲ್ಲಗೆ ಬಾರಿಸಿದ್ರೆ ನನಗೆ ಕೇಳಿಸ್ಬೇಕಲ್ಲಣ್ಣ" ಎಂದ.

ಅಂದು ನನಗೆ ತಿಳಿಯಿತು, ಮಗ್ಗಗಳು ಅವನ ಕಿವಿಯನ್ನು ತಿನ್ನತೊಡಗಿವೆ ಎಂದು. ಗೆದ್ದಲು ತಿಂದ ಹಾಗೆ. ಮೇಲಿನಿಂದ ನೋಡಿದರೆ ತೊಲೆ ತೊಲೆಯ ಹಾಗೆಯೇ ಇರುತ್ತದೆ, ಬೆರಳಿಟ್ಟರೆ ಒಳಗೆ ಹೋಗುತ್ತದೆ. ಮೊದಲು ಹಕ್ಕಿಗಳು ಹೋದವು. ಆಮೇಲೆ ಹಬೆ ಕಟ್ಟಿದ ಪಾತ್ರೆಯ ಶಿಳ್ಳು ಹೋಯಿತು, ಬಾಗಿಲು ಬಡಿಯುವ ಸದ್ದು ಹೋಯಿತು. ಬೇರೆಯವರಾಗಿದ್ದರೆ ಮನೆಮಂದಿಗೆ ಇದು ಮೊದಲ ತಿಂಗಳಲ್ಲೇ ತಿಳಿಯುತ್ತಿತ್ತು. ತುಟಿಮಾತಿನ ಆ ಮನೆಯಲ್ಲಿ ಯಾರೂ ಸದ್ದು ಮಾಡಿ ಮಾತಾಡಿದ್ದೇ ಇಲ್ಲವಾಗಿ, ಕೇಳುವವನು ಕೇಳುವುದನ್ನು ನಿಲ್ಲಿಸಿದ್ದು ಬಹುಕಾಲ ಯಾರಿಗೂ ಗೊತ್ತಾಗಲಿಲ್ಲ. ಅವನಿಗೂ ಹೇಳಿಕೊಳ್ಳುವ ಅವಸರವಿರಲಿಲ್ಲ. ಮಾತಿನ ಮಟ್ಟಿಗೆ ಅವನು ಏನನ್ನೂ ಕಳೆದುಕೊಂಡಿರಲಿಲ್ಲ. ಕಳೆದುಕೊಳ್ಳುತ್ತಿದ್ದದ್ದು ಗಿಟಾರನ್ನು ಮಾತ್ರ.

ಅದನ್ನು ಬಿಡಲಾರದೆ ಅವನು ತಂತಿಯ ಕಡೆ ಬಾಗತೊಡಗಿದ. ವರ್ಷ ವರ್ಷಕ್ಕೆ ತಲೆ ಕೆಳಗಿಳಿಯಿತು. ಕೊನೆಗೊಂದು ದಿನ ಅವನ ದವಡೆ ಗಿಟಾರಿನ ಹೆಗಲಿನ ಮೇಲೆ ಕೂತು, ಅಲ್ಲಿಯೇ ನೆಲೆಯಾಯಿತು. ಬೆವರು, ಗಡ್ಡದ ಮುಳ್ಳು ತಾಗಿ ತಾಗಿ ಅಲ್ಲಿನ ಕೆಂಪು ಬಣ್ಣ ಹೋಗಿ ಬರಿ ಮರ ಕಾಣುತ್ತಿತ್ತು. ನಮ್ಮ ಕಡೆಯ ಕೆಲಸಗಾರರು ಉಪ್ಪುಕಾಗದ ಹಾಕಿ ಉಜ್ಜಿದರೂ ಅಷ್ಟು ನಯ ಬರುವುದಿಲ್ಲ. ನಾನು ಅದನ್ನೇ ನೋಡುತ್ತಿದ್ದದ್ದು ಕಂಡು ಅವನು ಸ್ಟೂಲಿನಿಂದ ಎದ್ದು, "ಇಲ್ಲಿ ಕೂತ್ಕೊ. ಇಲ್ಲಿ ದವಡೆ ಇಡು. ಹಲ್ಲು ಕಚ್ಕೊ" ಎಂದ. ಮುದುಕನ ವೇಷವೇನು ಕೇಳುತ್ತೀರಿ, ಪರದೇಶಿ ನಾಯಿ ಹೊಸಿಲ ಮೇಲೆ ಗಲ್ಲ ಇಟ್ಟ ಹಾಗೆ ನಾನು ಆ ಹಲಗೆಯ ಮೇಲೆ ಗಲ್ಲ ಇಟ್ಟೆ. ಅವನು ನಿಂತುಕೊಂಡೇ ಕೈ ಚಾಚಿ ತಂತಿ ಬಡಿದ.

ಹೇಗೆ ಹೇಳಲಿ? ಕಿವಿಗೆ ಅದೇ ಗುಬ್ಬಿಯ ಸದ್ದು. ತಲೆಬುರುಡೆಯ ಒಳಗೆ ಮಾತ್ರ ಯಾರೋ ದೊಡ್ಡ ಗಂಟೆಯೊಂದನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ತೂಗಿದಂತೆ ನಾದ ತುಂಬಿಕೊಂಡಿತು. ಬೆರಳಿನ ಕೆರೆತವಿಲ್ಲ, ಬಡಿತದ ಒರಟಿಲ್ಲ. ಸಣ್ಣಪುಟ್ಟ ಕಸವನ್ನೆಲ್ಲ ಮೂಳೆ ಸೋಸಿಬಿಟ್ಟು ಮರದ ತಿರುಳಿನ ಧ್ವನಿಯೊಂದನ್ನೇ ಒಳಕ್ಕೆ ಬಿಡುತ್ತಿತ್ತು. ಜೀವಮಾನವೆಲ್ಲ ಮರ ಕೊಯ್ದವನು ನಾನು, ಮರಕ್ಕೆ ಅಂಥದೊಂದು ಒಳಗಿದೆ ಎಂದು ಅಲ್ಲಿಯ ತನಕ ಗೊತ್ತಿರಲಿಲ್ಲ. ನಾನು ತಲೆ ಎತ್ತಿದಾಗ ಅವನು ನನ್ನ ಮುಖವನ್ನೇ ಓದುತ್ತಿದ್ದ. "ಹೆಂಗೆ?" ಎಂದವು ತುಟಿಗಳು. ನಾನು ಅವನ ತೋಳು ಹಿಡಿದುಕೊಂಡೆ. ಆ ಹೊತ್ತಿನಲ್ಲಿ ನಾನೂ ಡಬ್ಬಿಯನ್ನು ನಂಬಿದೆ.

ನಂಬದವಳು ಒಬ್ಬಳೇ. ಕೊನೆಯ ಕಾಯಿಲೆಯಲ್ಲಿ ನೋಡಲು ಹೋದ ನಮ್ಮ ಮನೆಯವಳ ಕೈ ಹಿಡಿದು ಅವನ ಹೆಂಡತಿ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು, ತುಟಿಯಿಂದಲ್ಲ ಧ್ವನಿಯಿಂದ ಹೇಳಿದಳಂತೆ: "ಡಬ್ಬಿ ಬರದೆ ಇದ್ರೇ ಒಳ್ಳೇದು ಅಕ್ಕಾ. ಇವ್ರಿಗೆ ಬೇರೆ ಏನಿದೆ ಹೇಳಿ?" ಸಾಯುವ ಹೊತ್ತಿನಲ್ಲೂ ಖರ್ಚಿನ ಚಿಂತೆ ನೋಡಿ ಎಂದು ನಮ್ಮವಳು ಮರುಗಿದಳು. ನಾನೂ ಹೌದೆಂದೆ. ಹೊಲಿದರೆ ಬರುತ್ತಿದ್ದ ಹಾಸಿಗೆ, ಕೊಳೆಯದ ಕಿಟಕಿ ಯಾವುದೂ ನಮ್ಮ ನೆನಪಿಗೆ ಬರಲಿಲ್ಲ.

ಅವಳು ಹೋದ ಚಳಿಗಾಲದಲ್ಲಿಯೇ ಗಿರಣಿಯೂ ನಿಂತಿತು. ಮಗ್ಗಗಳನ್ನು ಬಿಚ್ಚಿ ಕಬ್ಬಿಣದ ತೂಕಕ್ಕೆ ಸಾಗಿಸಿದರು. ಮನೆಯಲ್ಲಿ ತುಟಿಮಾತಾಡುವವರು ಯಾರೂ ಉಳಿಯಲಿಲ್ಲ. ಮಗಳು ಬೇರೆ ಊರಿನಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದು, ಅಲ್ಲಿಯವನನ್ನೇ ಮದುವೆಯಾಗಿದ್ದಳು. ತುಟಿಯಣ್ಣ ರಜೆಯಿಲ್ಲದ ದಿನಗಳಲ್ಲಿಯೂ ಕೋಟು ತೊಡಲಾರಂಭಿಸಿದ. ಬೆಳಿಗ್ಗೆ ನಾನು ಹಲ್ಲುಜ್ಜಲು ಹೊರಗೆ ಬಂದರೆ ಕಿಟಕಿಯಲ್ಲಿ ಅವನ ಬಾಗಿದ ಬೆನ್ನು ಕಾಣುತ್ತಿತ್ತು, ಮಧ್ಯಾಹ್ನ ನೋಡಿದರೂ ಅದೇ ಬೆನ್ನು.

ಹೀಗಿರುವಾಗ ಮಗಳು ಡಬ್ಬಿ ತಂದಳು. ಅಳಿಯ ಅದನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತ ಬೀದಿಯಲ್ಲಿ ಬರುವುದನ್ನು ಕಂಡು ಸಾಲುಮನೆಯ ಬಾಗಿಲುಗಳೆಲ್ಲ ತೆರೆದವು. ಕರಿಯ ಡಬ್ಬಿ, ಮುಂದೆ ಜಾಲರಿ, ನೆತ್ತಿಯ ಮೇಲೆ ತಿರುಗುಣಿಗಳ ಸಾಲು. ಅಂದು ರಜೆಯ ದಿನ, ಇಳಿಹೊತ್ತು. ಹಳೆಯ ಮಗ್ಗದವರು ಬಂದು ಮುಂದಿನ ಸಾಲಿನಲ್ಲಿ ಕೂತರು; ಒಬ್ಬರಿಗೂ ಕಿವಿ ನೆಟ್ಟಗಿರಲಿಲ್ಲ, ಆದರೂ ಮುಂದಿನ ಸಾಲೇ ಬೇಕು. ದಿನಸಿಯವನು ಅಂಗಡಿಗೆ ಬೀಗ ಹಾಕಿ ಬಂದ. "ಇವತ್ತು ತುಟಿಯಣ್ಣ ಬಾಯಿ ಬಿಡ್ತಾನೆ, ನೋಡೇಬಿಡೋಣ" ಎಂದು ಬಾಗಿಲಿಗೆ ಒರಗಿದ. ನನಗೆ ಮಗಳು ತನ್ನ ಎದುರಿಗೇ ಕುರ್ಚಿ ಹಾಕಿಸಿದ್ದಳು. ಅವಳ ಮುಖ ನೋಡಬೇಕಿತ್ತು! ಪುಟ್ಟವಳಿದ್ದಾಗ ಕೊಟ್ಟ ಮಾತು ತೀರಿಸುವ ಗಳಿಗೆ ಅದು. "ಅಮ್ಮ ಇರಬೇಕಿತ್ತು ದೊಡ್ಡಪ್ಪ" ಎಂದು ಕಣ್ಣೊರೆಸಿಕೊಂಡಳು.

ಅವನು ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡ. ಅಳಿಯ ವೈರು ಸಿಕ್ಕಿಸಿ ತಿರುಗುಣಿ ತಿರುವಿದೊಡನೆ ಡಬ್ಬಿಯೊಳಗಿಂದ ಒಂದು ಗುಂಯ್ ಎಂಬ ಉಸಿರು ಬಂತು. ತುಟಿಯಣ್ಣ ಬರಿಗಾಲನ್ನು ನೆಲಕ್ಕೆ ಊರಿ, ಆ ಅದುರನ್ನು ಅಂಗಾಲಿನಿಂದ ಕೇಳಿ ಮುಗುಳ್ನಕ್ಕ. ಮಗ್ಗ ಓಡುತ್ತಿದೆಯೋ ನಿಂತಿದೆಯೋ ಎಂದು ಹಾಗೆಯೇ ಅಂಗಾಲಿನಿಂದ ತಿಳಿಯುತ್ತಿದ್ದ ಮನುಷ್ಯ. ಇವತ್ತು ಜನರ ಮುಂದೆ ಬಾಗಿ ಕೂರಬಾರದೆಂದು ಬೆನ್ನು ನೆಟ್ಟಗೆ ಮಾಡಿಕೊಂಡ. ದವಡೆ ಮರವನ್ನು ಬಿಟ್ಟಿತು. ಕೈ ಎತ್ತಿ ಬಡಿದ.

ನಮ್ಮ ಕಸುಬಿನಲ್ಲಿ ಒಂದು ಮಾತಿದೆ. ಬರಿ ಮರದ ಮೇಲೆ ಗೀರುಗಳು ಕಾಣುವುದಿಲ್ಲ. ವಾರ್ನಿಷ್ ಬಳಿದ ಮೇಲೆ ನೋಡು, ನೀನು ಅವಸರ ಮಾಡಿದ ಒಂದೊಂದು ಗಳಿಗೆಯೂ ಎದ್ದು ನಿಂತು ನಿನ್ನನ್ನು ದಿಟ್ಟಿಸುತ್ತದೆ. ಆ ಡಬ್ಬಿ ವಾರ್ನಿಷ್ ಬಳಿಯಿತು. ಬಾಯಿಲ್ಲದ ಗಿಟಾರನ್ನು ಕೇಳಿಸಿಕೊಳ್ಳಲೆಂದೇ ಕಲಿತ ಆ ಬಡಿತ ಡಬ್ಬಿಯಲ್ಲಿ ಗುಡುಗಿ ಒಡೆಯಿತು. ಒಂದು ತಂತಿ ನುಡಿಯುವಾಗ ಪಕ್ಕದ ತಂತಿಗಳನ್ನು ಅಂಗೈಯಿಂದ ಸುಮ್ಮನಿರಿಸಬೇಕಂತೆ. ಅವು ಸದ್ದು ಮಾಡುತ್ತವೆ ಎಂಬುದೇ ಅವನಿಗೆ ಎಂದೂ ತಿಳಿದಿರಲಿಲ್ಲ. ಎಲ್ಲ ತಂತಿಗಳೂ ಬೀದಿ ನಲ್ಲಿಯ ಮುಂದಿನ ಜಗಳದ ಹಾಗೆ ಒಟ್ಟಿಗೆ ಕಿರುಚಿದವು. ಬೆರಳು ಜಾರಿದಲ್ಲೆಲ್ಲ ತಗಡು ಸೀಳಿದ ಸದ್ದು. ರಾಗ ಎಂಬುದು ಆ ಗದ್ದಲದ ಅಡಿಯಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಿತ್ತು. ಮುಂದಿನ ಸಾಲಿನ ಕಿವುಡರು ನೆಲದ ಅದುರಿಗೆ ತಲೆದೂಗುತ್ತಿದ್ದರು. ದಿನಸಿಯವನ ಬಾಯಿಯ ನಗೆ ಹಾಗೆಯೇ ಹುಳಿಯಾಗಿ ನಿಂತಿತು. ಅವನು ಕೆಟ್ಟವನಲ್ಲ, ತಲೆ ತಗ್ಗಿಸಿಕೊಂಡ. ನುಡಿಸುವವನಿಗೆ ಇದಾವುದೂ ಕೇಳುತ್ತಿರಲಿಲ್ಲ. ಅಂಗಾಲಿನಲ್ಲಿ ಏರುತ್ತಿದ್ದ ಗುಡುಗನ್ನು ಅನುಭವಿಸುತ್ತ, ಕಣ್ಣು ಮುಚ್ಚಿ, ವರ್ಷಾನುಗಟ್ಟಲೆಯ ಬೀಜ ಮರವಾಗುತ್ತಿದೆ ಎಂದೇ ತಿಳಿದು ಅವನು ನುಡಿಸುತ್ತಿದ್ದ.

ಮಗಳು ತಡೆದುಕೊಂಡಳು, ತಡೆದುಕೊಂಡಳು. ಕೊನೆಗೆ ಎದುರಿಗೆ ಕೂತಿದ್ದ ನನ್ನತ್ತ ನೋಡಿ, ಸುತ್ತಲಿನ ಜನಕ್ಕೆ ಕೇಳಿಸಬಾರದು, ಅಪ್ಪನ ಮಾನ ಹೋಗಬಾರದು ಎಂಬ ಎಚ್ಚರದಲ್ಲಿ, ಎಳವೆಯಿಂದ ಬಂದ ಅಭ್ಯಾಸದಂತೆ ಸದ್ದಿಲ್ಲದೆ ತುಟಿಯಲ್ಲಿ ಹೇಳಿದಳು: "ಅಪ್ಪಂಗೆ ನುಡಿಸೋಕೆ ಬರೋದೇ ಇಲ್ಲ ದೊಡ್ಡಪ್ಪ."

ಆ ಗಳಿಗೆಗೆ ಸರಿಯಾಗಿ ಅವನು ಕಣ್ಣು ತೆರೆದಿದ್ದ. ಮಗಳ ಮುಖದಲ್ಲಿ ಸಂತೋಷ ನೋಡಲೆಂದು ತೆರೆದಿದ್ದ.

ಕೈ ನಿಂತಿತು. ತಂತಿಗಳು ಮಾತ್ರ ಇನ್ನೂ ಸ್ವಲ್ಪ ಹೊತ್ತು ತಮ್ಮ ಪಾಡಿಗೆ ಕೂಗಾಡಿದವು. ಅವನ್ನು ಸುಮ್ಮನಿರಿಸುವುದು ಅವನಿಗೆ ಗೊತ್ತಿರಲಿಲ್ಲವಷ್ಟೆ. ಅವನು ಬಾಗಿ ವೈರು ಕಿತ್ತ. ಅದನ್ನು ಗಿರಣಿಯಲ್ಲಿ ನೂಲಿನ ಲಡಿ ಸುತ್ತುವಂತೆ ಮೊಣಕೈಗೆ ಹಾಕಿ ಒಪ್ಪವಾಗಿ ಸುತ್ತಿ, ಅಳಿಯನ ಕೈಗೆ ಕೊಟ್ಟ. ಪಾಪ, ಅಳಿಯ ಹೊರಗಿನವನು, ಏನಾಯಿತೆಂದು ಅವನಿಗೆ ತಿಳಿಯದು. "ಡಬ್ಬೀಲಿ ಏನೋ ದೋಷ ಇರ್ಬೇಕು ಮಾವ. ನಾಳೆನೇ ಬದಲಾಯಿಸ್ಕೊಂಡು ಬರ್ತೀನಿ" ಎಂದು ಕೂಗಿ ಹೇಳಿದ.

ಮಾವ ಅವನ ತುಟಿ ಓದಿಕೊಂಡ. "ಡಬ್ಬಿ ಸರಿಯಾಗೇ ಇದೆ" ಎಂದ.

ಜನ ಒಬ್ಬೊಬ್ಬರಾಗಿ ಎದ್ದು ಹೋದರು. ನನ್ನ ಮನೆಯ ಬಾಗಿಲಲ್ಲಿ ಕುಸಿದು ಕೂತ ಮಗಳು ನಮ್ಮ ಮನೆಯವಳ ಮಡಿಲಲ್ಲಿ ಮುಖವಿಟ್ಟು, "ನಾನು ಸದ್ದೇ ಮಾಡ್ಲಿಲ್ಲ ದೊಡ್ಡಮ್ಮ, ಒಂಚೂರೂ ಸದ್ದು ಮಾಡ್ಲಿಲ್ಲ" ಎಂದು ಅತ್ತಳು. ನಿಜ. ನನ್ನ ಕಿವಿಗೆ ಬಾಗಿ ಸದ್ದು ಮಾಡಿ ಹೇಳಿದ್ದರೆ ಅವನಿಗೆ ತಿಳಿಯುತ್ತಿರಲಿಲ್ಲ.

ಆಮೇಲೂ ಅವನು ನುಡಿಸುವುದನ್ನು ಬಿಡಲಿಲ್ಲ. ಬಿಟ್ಟಿದ್ದರೆ ನಮಗೆ ದುಃಖಪಡುವುದು ಸುಲಭವಾಗುತ್ತಿತ್ತು. ಸ್ಟೂಲನ್ನು ಕಿಟಕಿಯಿಂದ ಎತ್ತಿ ಮೂಲೆಗೆ ಹಾಕಿಕೊಂಡು, ಗೋಡೆಗೆ ಮುಖ ಮಾಡಿ ಕೂರುತ್ತಾನೆ. ಕೋಟು ತೊಡುವುದಿಲ್ಲ, ಅದನ್ನು ಡಬ್ಬಿಯ ಮೇಲೆ ಹೊದಿಸಿಟ್ಟಿದ್ದಾನೆ, ನೋಡಿದರೆ ಯಾರೋ ತಲೆಯಿಲ್ಲದವರು ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತಂತಿರುತ್ತದೆ. ಮಗಳು ಬಂದರೆ ಪ್ರೀತಿಯಿಂದಲೇ ಇರುತ್ತಾನೆ. ಆದರೆ ಅವಳು ಮಾತಾಡುವಾಗ ನೆಲ ನೋಡುತ್ತಾನೆ. ತುಟಿ ಓದುವವನು ಕಣ್ಣು ತಗ್ಗಿಸಿದನೆಂದರೆ ಅದು ಬಾಗಿಲು ಹಾಕಿಕೊಂಡಂತೆ; ತಟ್ಟುವುದಕ್ಕೂ ದಾರಿಯಿಲ್ಲ.

ಇಂಥವರು ನಾವು ಎಣಿಸಿದ್ದಕ್ಕಿಂತ ಹೆಚ್ಚು ಜನ ಇದ್ದಾರೆ ಎಂದು ನನಗೆ ಈಚೆಗೆ ಅನ್ನಿಸುತ್ತದೆ. ಒಳ್ಳೆಯ ಬಡಗಿ ಎನಿಸಿಕೊಂಡ ಪ್ರತಿಯೊಬ್ಬನ ಅಟ್ಟದಲ್ಲೂ ಒಂದು ಹಲಗೆ ಇರುತ್ತದೆ. ಎಳೆ ನೇರವಾದದ್ದು, ಗಂಟಿಲ್ಲದ್ದು, ಎಂದಾದರೊಂದು ದಿನ ಜನ್ಮ ಸಾರ್ಥಕವಾಗುವಂಥ ಕೆಲಸಕ್ಕೆಂದು ತೆಗೆದಿಟ್ಟದ್ದು. ನನ್ನ ಅಟ್ಟದಲ್ಲೂ ಇದೆ. ದಿನವೂ ಬೇರೆ ಮರ ಕೊಯ್ದು, ಬಾಗಿಲು, ಬೆಂಚು, ಹೆಣದ ಪೆಟ್ಟಿಗೆ ಮಾಡಿ ಹೊಟ್ಟೆ ಹೊರೆಯುತ್ತೇವೆ. ಬದುಕುವುದು ಮಾತ್ರ ಅಟ್ಟದ ಮೇಲಿನ ಆ ಹಲಗೆಯ ಮೇಲೆ. ಉಳಿ ಇಟ್ಟರೆ ಅದೂ ಒಂದು ಹಲಗೆಯೇ ಎಂದು ತಿಳಿದುಹೋಗುತ್ತದೆ. ಗಟ್ಟಿ ಗಂಟಲಿನ ಜನಕ್ಕೆ ಈ ಭಯವಿಲ್ಲ, ಅವರು ಕೂಗಿದ್ದು ಆಚೆ ದಡಕ್ಕೆ ತ್ವರಿತವಾಗಿ ತಲುಪಿ ಲೆಕ್ಕ ಮುಗಿದುಹೋಗುತ್ತದೆ. ಸದ್ದಿಲ್ಲದವರದು ಹಾಗಲ್ಲ. ಅವರನ್ನು ಪ್ರೀತಿಸುವವರಿಗೆ ಇರುವುದು ಎರಡೇ ದಾರಿ: ತುಟಿಯಣ್ಣನ ಹೆಂಡತಿಯ ಹಾಗೆ ಜಿಪುಣಿ ಎನ್ನಿಸಿಕೊಂಡು ಕಿಟಕಿ ಬಾಗಿಲು ಬದಲಾಯಿಸುತ್ತಿರುವುದು, ಇಲ್ಲವೇ ಮಗಳ ಹಾಗೆ ಡಬ್ಬಿ ತಂದುಕೊಡುವುದು. ಎರಡರಲ್ಲೂ ಪ್ರೀತಿಯೇ ಇದೆ. ಯಾವುದು ಹೆಚ್ಚಿನದೆಂದು ಹೇಳುವಷ್ಟು ಬುದ್ಧಿ ಈ ನರೆತ ತಲೆಗೆ ಬಂದಿಲ್ಲ.

ಮೊನ್ನೆ ಮಗಳು ನನಗೆ ಫೋನು ಮಾಡಿದ್ದಳು. ಅವಳ ಅಂಗಡಿಯ ಎದುರಿಗೇ ಕಿವಿಯ ಡಾಕ್ಟರೊಬ್ಬರಿದ್ದಾರೆ, ಕಿವಿಯೊಳಗೆ ಇಡುವ ಯಂತ್ರದಿಂದ ಅಪ್ಪನಿಗೆ ಸಾಕಷ್ಟು ಕೇಳಿಸಬಹುದಂತೆ, ಹೇಗಾದರೂ ಒಪ್ಪಿಸಿ ಎಂದಳು. ನಾನು ಅವನ ಮನೆಗೆ ಹೋಗಿ, ಗೋಡೆಗೂ ಅವನಿಗೂ ನಡುವೆ ನುಸುಳಿ ಮುಖಾಮುಖಿ ಕೂತು, ಮಂಡಿ ತಟ್ಟಿ, ತುಟಿಗಳನ್ನು ಚೆನ್ನಾಗಿ ಅಗಲಿಸಿ ಎಲ್ಲ ಹೇಳಿದೆ. ಹಕ್ಕಿ ಕೇಳುತ್ತದೆ ಎಂದೆ. ಮಗಳ ದನಿ ಕೇಳುತ್ತದೆ ಎಂದೆ. ನಾನೇ ಜೊತೆಗೆ ಬರುತ್ತೇನೆ ಎಂದೆ. ಅವನು ದವಡೆಯನ್ನು ಮರದಿಂದ ಎತ್ತದೆ, ಕಣ್ಣು ಮಾತ್ರ ಎತ್ತಿ, ಕೊನೆಯ ತನಕ ನನ್ನ ತುಟಿಗಳನ್ನು ಓದಿದ. ಆಮೇಲೆ ನನ್ನ ಕೈಯನ್ನು ತನ್ನ ಮಂಡಿಯಿಂದ ಮೆಲ್ಲಗೆ ತೆಗೆದಿಟ್ಟು, ಅಪರೂಪಕ್ಕೆ ಗಂಟಲಿನಿಂದ, ತುಕ್ಕು ಹಿಡಿದ ದನಿಯಲ್ಲಿ ಮಾತಾಡಿದ:

"ಬೇಡಣ್ಣ. ಅದನ್ನ ಹಾಕ್ಕೊಂಡ್ರೆ ಅವತ್ತು ನೀವೆಲ್ಲ ಕೇಳಿದ್ದನ್ನೇ ನಾನೂ ಕೇಳ್ಬೇಕಾಗುತ್ತೆ."